ನೋಟು ಮಾಯ, ಹಣ ಅಲ್ಲೇ: 2016ರ ನೋಟು ರದ್ದತಿ ಮತ್ತು ಎರಡು ಅನುಪಾತಗಳು

2016ರ ಮಾರ್ಚ್ 31ರಂದು ಭಾರತದಲ್ಲಿ ಚಲಾವಣೆಯಲ್ಲಿದ್ದ ನೋಟು, ನಾಣ್ಯಗಳ ಒಟ್ಟು ಮೌಲ್ಯ ಸುಮಾರು 16.6 ಲಕ್ಷ ಕೋಟಿ ರೂಪಾಯಿ. ಆ ವರ್ಷದ ಜಿಡಿಪಿಗೆ, ಅಂದರೆ ದೇಶದ ಒಟ್ಟು ಉತ್ಪಾದನೆಯ ಮೌಲ್ಯಕ್ಕೆ, ಹೋಲಿಸಿದರೆ ಶೇ 12. ಮರುವರ್ಷ ಅದೇ ದಿನ 13.35 ಲಕ್ಷ ಕೋಟಿ. ಜಿಡಿಪಿಯ ಶೇ 8.7.

ಈಗ ಅದೇ ಎರಡು ದಿನಗಳ ಇನ್ನೊಂದು ಲೆಕ್ಕ ನೋಡಿ. ಜನರ ಕೈಯಲ್ಲಿದ್ದ ನಗದು, ಬ್ಯಾಂಕ್ ಖಾತೆಗಳಲ್ಲಿದ್ದ ದುಡ್ಡು ಎಲ್ಲ ಸೇರಿಸಿದರೆ ಬರುವ ಮೊತ್ತಕ್ಕೆ ರಿಸರ್ವ್ ಬ್ಯಾಂಕ್ ಎಂ3 ಅನ್ನುತ್ತದೆ. ಅದು 116 ಲಕ್ಷ ಕೋಟಿಯಿಂದ 128 ಲಕ್ಷ ಕೋಟಿಗೆ ಏರಿತ್ತು. ಜಿಡಿಪಿಗೆ ಹೋಲಿಸಿದರೆ ಶೇ 84 ಇದ್ದದ್ದು ಶೇ 83 ಆಯಿತು. ಅಷ್ಟೇ.

ಒಂದೇ ದೇಶ, ಅದೇ ಹನ್ನೆರಡು ತಿಂಗಳು. ಒಂದು ಅನುಪಾತ ಕಾಲು ಭಾಗಕ್ಕಿಂತ ಜಾಸ್ತಿ ಕುಸಿದಿದೆ. ಇನ್ನೊಂದು ಮಿಸುಕಾಡಿಯೂ ಇಲ್ಲ. ಎರಡಕ್ಕೂ ನಾವು ಮಾತಿನಲ್ಲಿ ಇಟ್ಟಿರುವ ಹೆಸರು ಒಂದೇ: ಆರ್ಥಿಕತೆಯ ಗಾತ್ರಕ್ಕೆ ಹೋಲಿಸಿದರೆ ಹಣ ಎಷ್ಟಿದೆ. ನೋಟ್ ಬ್ಯಾನ್ ಬಗ್ಗೆ ಇಷ್ಟು ವರ್ಷ ನಡೆದ ಜಗಳಗಳಲ್ಲಿ ಅರ್ಧದಷ್ಟು ಈ ಎರಡನ್ನು ಕಲಸಿದ್ದರಿಂದಲೇ ಹುಟ್ಟಿದ್ದು ಅನ್ನಿಸುತ್ತದೆ ನನಗೆ. ಬ್ಯಾನ್ ಸರಿಯೋ ತಪ್ಪೋ ಅನ್ನುವ ವಾದಕ್ಕೆ ನಾನಿಲ್ಲಿ ಇಳಿಯುತ್ತಿಲ್ಲ. ಆ ಸಂಖ್ಯೆಗಳು ಏನನ್ನು ಹೇಳಿದವು, ಏನನ್ನು ಮುಚ್ಚಿಟ್ಟವು ಅಂತ ನೋಡೋಣ.

ಕೆರೆ ಮತ್ತು ಹೊಳೆ

ಮೊದಲು ಲೆಕ್ಕದ ಬಗ್ಗೆ ಒಂದು ಮಾತು. ಜಿಡಿಪಿ ಅಂದರೆ ವರ್ಷಪೂರ್ತಿ ಹೊಳೆಯಲ್ಲಿ ಹರಿದುಹೋದ ನೀರು. ಹಣದ ಮೊತ್ತ ಅಂದರೆ ಒಂದು ದಿನ ಕೆರೆಯಲ್ಲಿ ನಿಂತಿದ್ದ ನೀರು. ಅನುಪಾತ ತೆಗೆಯುವಾಗ ನಿಂತ ನೀರನ್ನು ಹರಿದ ನೀರಿನಿಂದ ಭಾಗಿಸುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆರೆ ಅಳೆಯುವ ದಿನ ಸಾಮಾನ್ಯವಾಗಿ ಮಾರ್ಚ್ 31. ಫೆಬ್ರುವರಿಯಲ್ಲಿ ಕೆರೆ ಬತ್ತಿ, ಮಾರ್ಚ್ ಕೊನೆಗೆ ಮತ್ತೆ ತುಂಬಿದ್ದರೆ ಲೆಕ್ಕಕ್ಕೆ ಅದು ಗೊತ್ತೇ ಆಗುವುದಿಲ್ಲ. ಇದು ನಮ್ಮ ಪ್ರಕರಣದಲ್ಲಿ ಮುಂದೆ ಬರುತ್ತದೆ.

ಇನ್ನೊಂದು ಸಂಗತಿ. ಅನುಪಾತವನ್ನು ತಿರುವಿ ಹಾಕಿದರೆ ಸಿಗುವುದು ಹಣದ ವೇಗ. ನೋಟು ಜಿಡಿಪಿಯ ಶೇ 12 ಇದ್ದರೆ, ಒಂದು ರೂಪಾಯಿ ನೋಟಿನ ಬೆನ್ನ ಮೇಲೆ ವರ್ಷಕ್ಕೆ 8 ರೂಪಾಯಿಗಿಂತ ಸ್ವಲ್ಪ ಹೆಚ್ಚು ಮೌಲ್ಯದ ಉತ್ಪಾದನೆ ಕೂತಿದೆ ಅಂತ. ಶೇ 8.7ಕ್ಕೆ ಇಳಿದರೆ ಅದೇ ರೂಪಾಯಿ ಹನ್ನೊಂದೂವರೆ ರೂಪಾಯಿ ಹೊರಬೇಕು. ನೋಟು ಅಷ್ಟು ಬೇಗ ಕೈ ಬದಲಾಯಿಸಬೇಕು, ಇಲ್ಲವೇ ಬೇರೆ ಯಾವುದಾದರೂ ಹಣ ಬಂದು ಹೆಗಲು ಕೊಡಬೇಕು, ಇಲ್ಲವೇ ವ್ಯವಹಾರವೇ ನಿಲ್ಲಬೇಕು. 2016ರ ಚಳಿಗಾಲದಲ್ಲಿ ಈ ಮೂರೂ ಆಯಿತು.

ಹಳೆಯ ಕತೆ, ಚುಟುಕಾಗಿ

ಎಂ3ರ ಅನುಪಾತ ಭಾರತದಲ್ಲಿ ಹುಟ್ಟಿನಿಂದಲೇ ಶೇ 84 ಇರಲಿಲ್ಲ. 1970-71ರಲ್ಲಿ ಎಂ3 ಸುಮಾರು 11,000 ಕೋಟಿ ರೂಪಾಯಿ. ಜಿಡಿಪಿಯ ಕಾಲು ಭಾಗಕ್ಕಿಂತಲೂ ಕಮ್ಮಿ. 1990-91ರ ಹೊತ್ತಿಗೆ ಶೇ 45ರ ಆಸುಪಾಸು. 2009-10ಕ್ಕೆ ಶೇ 86. ನಾಲ್ಕು ದಶಕದಲ್ಲಿ ಮೂರೂವರೆ ಪಟ್ಟು.

ಸರ್ಕಾರ ನೋಟು ಒತ್ತಿ ಒತ್ತಿ ಹಾಕಿತು ಅಂತ ಯಾರಿಗಾದರೂ ಅನ್ನಿಸಬಹುದು. ಅದಕ್ಕಿಂತ ದೊಡ್ಡ ಕಾರಣ ಬ್ಯಾಂಕು ಜನರ ಹತ್ತಿರ ಬಂದದ್ದು. 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ ಆದಾಗ ದೇಶದಲ್ಲಿದ್ದದ್ದು ಸುಮಾರು 8,000 ಶಾಖೆಗಳು. 1991ರ ಹೊತ್ತಿಗೆ 60,000ದ ಹತ್ತಿರ. ಸಾಸಿವೆ ಡಬ್ಬಿಯಲ್ಲಿದ್ದದ್ದು, ಚಿನ್ನವಾಗಿದ್ದದ್ದು, ಕಾಳಿನ ರೂಪದಲ್ಲಿದ್ದದ್ದು ಠೇವಣಿಯಾಯಿತು. ನಮ್ಮ ಕರಾವಳಿಯವರಿಗೆ ಇದು ಹೊಸತಲ್ಲ ಬಿಡಿ. ಆ 14ರಲ್ಲಿ ಒಂದಾಗಿದ್ದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಶುರು ಮಾಡಿತ್ತು. ಏಜೆಂಟು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದ. ಆ ಎರಡಾಣೆ ಅಮ್ಮನ ಸೆರಗಿನ ಗಂಟಿನಲ್ಲಿದ್ದಾಗಲೂ ಹಣವೇ, ಬ್ಯಾಂಕಿಗೆ ಹೋದ ಮೇಲೂ ಹಣವೇ. ಆದರೆ ಬ್ಯಾಂಕಿಗೆ ಹೋದ ಮೇಲೆ ಅದರ ಆಧಾರದಲ್ಲಿ ಸಾಲ ಹುಟ್ಟುತ್ತದೆ, ಆ ಸಾಲ ಮತ್ತೊಬ್ಬರ ಖಾತೆಯಲ್ಲಿ ಠೇವಣಿಯಾಗುತ್ತದೆ. ಎಂ3 ಬೆಳೆಯುವುದು ಹಾಗೆ.

ಅಂದರೆ ಅನುಪಾತ ಏರಿದರೆ ಕೆಟ್ಟದ್ದು, ಇಳಿದರೆ ಒಳ್ಳೆಯದು ಅಂತ ಇಲ್ಲ. ಜಪಾನ್, ಚೀನಾ ಎರಡೂ ಶೇ 200 ದಾಟಿವೆ. ಜಪಾನಿನಲ್ಲಿ ದಶಕಗಟ್ಟಲೆ ಬೆಲೆ ಹೆಚ್ಚುಕಮ್ಮಿ ಏರಲೇ ಇಲ್ಲ. ಅದಕ್ಕೆ ತದ್ವಿರುದ್ಧವಾಗಿ, 1923ರ ಜರ್ಮನಿಯಲ್ಲಿ ನೋಟಿನ ಮೇಲಿನ ಸೊನ್ನೆ ಎಣಿಸಲು ಆಗದಷ್ಟಾದಾಗ ಈ ಅನುಪಾತ ಬಿದ್ದೇ ಹೋಗಿತ್ತು. ಯಾಕೆಂದರೆ ನೋಟಿಗಿಂತ ಬೆಲೆ ಬೇಗ ಓಡುತ್ತಿತ್ತು. ಕೈಗೆ ಬಂದ ನೋಟನ್ನು ಯಾರೂ ಒಂದು ಗಂಟೆ ಇಟ್ಟುಕೊಳ್ಳುತ್ತಿರಲಿಲ್ಲ.

ನವೆಂಬರ್ 8ರ ರಾತ್ರಿ

2016ರ ನವೆಂಬರ್ 8, ರಾತ್ರಿ 8 ಗಂಟೆಯ ಭಾಷಣ ಎಲ್ಲರಿಗೂ ನೆನಪಿದೆ. ನಡುರಾತ್ರಿಯಿಂದ 500 ಮತ್ತು 1,000 ರೂಪಾಯಿಯ ನೋಟುಗಳು ನಡೆಯುವುದಿಲ್ಲ. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ ಆಗ 17.74 ಲಕ್ಷ ಕೋಟಿ. ಅದರಲ್ಲಿ ಈ ಎರಡು ನೋಟುಗಳದ್ದೇ ಸುಮಾರು 15.4 ಲಕ್ಷ ಕೋಟಿ. ನೂರಕ್ಕೆ 86 ಪಾಲು ಅನ್ನುವ ಲೆಕ್ಕವೇ ಜನರ ಬಾಯಲ್ಲಿ ಉಳಿದದ್ದು.

ಇದು ಮೊದಲನೇ ಸಲವೇನೂ ಅಲ್ಲ. 1946ರಲ್ಲಿ ಆಗಿತ್ತು, 1978ರಲ್ಲೂ ಆಗಿತ್ತು. 1978ರಲ್ಲಿ ರದ್ದಾದದ್ದು 1,000, 5,000 ಮತ್ತು 10,000ದ ನೋಟುಗಳು. ಸಾಮಾನ್ಯ ಜನ ಅವನ್ನು ಕಣ್ಣಲ್ಲೂ ಕಂಡಿರಲಿಲ್ಲ. ಒಟ್ಟು ನೋಟಿನಲ್ಲಿ ಅವುಗಳ ಪಾಲು ಶೇ 2ಕ್ಕಿಂತಲೂ ಕಮ್ಮಿ. ಈ ಸಲ ರದ್ದಾದದ್ದು ಜೇಬಿನಲ್ಲಿದ್ದ ನೋಟು.

ಎಣಿಕೆಯಲ್ಲಿ ಹೇಳಬೇಕೆಂದರೆ 500ರವು ಸುಮಾರು 1,716 ಕೋಟಿ ಹಾಳೆ, 1,000ದವು ಸುಮಾರು 686 ಕೋಟಿ ಹಾಳೆ. ಸರಿಸುಮಾರು 2,400 ಕೋಟಿ ಹಾಳೆ ವಾಪಸ್ ಬರಬೇಕು, ಅವುಗಳ ಜಾಗಕ್ಕೆ ಹೊಸತು ಹೋಗಬೇಕು. ನೋಟು ಒತ್ತುವ ಮುದ್ರಣಾಲಯಗಳು ದೇಶದಲ್ಲಿ ಇರುವುದು ನಾಲ್ಕು: ನಾಸಿಕ್, ದೇವಾಸ್, ಸಾಲ್ಬೊನಿ ಮತ್ತು ನಮ್ಮ ಮೈಸೂರು.

ಇಲ್ಲಿ ಒಂದು ಸಣ್ಣ ವಿಷಯ ಹತ್ತಿರದಿಂದ ನೋಡಬೇಕು. ಹೊಸ 2,000ದ ನೋಟು ಹಳೆಯ 1,000ದ ನೋಟಿಗಿಂತ ಚಿಕ್ಕದು. ಎಟಿಎಂ ಒಳಗೆ ನೋಟು ಕೂರುವ ಪೆಟ್ಟಿಗೆ ಅಳತೆಗೆ ಸರಿಯಾಗಿ ಇರುತ್ತದೆ. ಹೊಸ ಅಳತೆಗೆ ಅದನ್ನು ಹೊಂದಿಸಲು ಒಬ್ಬ ತಂತ್ರಜ್ಞ ಬಂದು ಮಷೀನು ತೆಗೆದು ಕೂರಬೇಕು. ಅಂಥ ಮಷೀನುಗಳು ದೇಶದಲ್ಲಿ 2 ಲಕ್ಷಕ್ಕೂ ಜಾಸ್ತಿ. ಅದಾಗುವ ತನಕ ಮಷೀನಿನಲ್ಲಿ 100ರ ನೋಟು ಮಾತ್ರ. 100ರ ನೋಟು ತುಂಬಿದ ಪೆಟ್ಟಿಗೆ ಎಷ್ಟು ಹೊತ್ತು ಬಂದೀತು? ಸಾಲಿನ ಮಧ್ಯಕ್ಕೆ ಬರುವಷ್ಟರಲ್ಲಿ ಖಾಲಿ.

ಅದು ದಾಟಿ 2,000ದ ನೋಟು ಕೈಗೆ ಬಂತು ಅನ್ನಿ. ಅದನ್ನು ಮುರಿಸುವುದು ಎಲ್ಲಿ? ಹೊಸ 500 ಇನ್ನೂ ಎಲ್ಲ ಕಡೆ ಬಂದಿರಲಿಲ್ಲ. 2,000ದ ಕೆಳಗಿನ ಮೆಟ್ಟಿಲು 100. ನಡುವೆ ಇಪ್ಪತ್ತು ಪಟ್ಟು ಅಂತರ. 150 ರೂಪಾಯಿಯ ತರಕಾರಿ ತಗೊಂಡು 2,000 ಕೊಟ್ಟರೆ ಅಂಗಡಿಯವರು ಹದಿನೆಂಟು ನೂರರ ನೋಟು, ಮೇಲೊಂದು 50 ಎಣಿಸಿ ಕೊಡಬೇಕು. ಕೊಡುವುದಿಲ್ಲ, ಯಾಕೆಂದರೆ ಅವರ ಗಲ್ಲಾಪೆಟ್ಟಿಗೆಯಲ್ಲಿ ಇರುವುದೇ ಅಷ್ಟು. ಹೀಗಾಗಿ ಲೆಕ್ಕಕ್ಕೆ ಚಲಾವಣೆಯಲ್ಲಿರುವ ನೋಟು ಜೇಬಿನಲ್ಲೇ ಕೂತಿತ್ತು. ಹಣದ ಮೊತ್ತ ಎಷ್ಟು ಅನ್ನುವುದರ ಜೊತೆಗೆ ಯಾವ ಯಾವ ಮುಖಬೆಲೆಯಲ್ಲಿದೆ ಅನ್ನುವುದೂ ಮುಖ್ಯ. ಯಾವ ಅನುಪಾತದಲ್ಲೂ ಇದು ಕಾಣುವುದಿಲ್ಲ.

40,000 ರೂಪಾಯಿಯ ಪ್ರಯಾಣ

ಎರಡು ಅನುಪಾತ ಬೇರೆ ಬೇರೆ ದಾರಿ ಹಿಡಿದದ್ದು ಹೇಗೆ? ಒಂದು ಉದಾಹರಣೆ ಹಿಡಿಯೋಣ. ಒಬ್ಬಾಕೆಯ ಬಳಿ 500ರ ಎಂಬತ್ತು ನೋಟು ಇದೆ. ಒಟ್ಟು 40,000. ಮಗಳ ಮದುವೆಗೆ ಅಂತ ಎತ್ತಿಟ್ಟದ್ದು. ನವೆಂಬರ್ ಎರಡನೇ ವಾರ ಆಕೆ ಅದನ್ನು ತನ್ನ ಉಳಿತಾಯ ಖಾತೆಗೆ ಕಟ್ಟುತ್ತಾಳೆ.

ಜನರ ಕೈಯಲ್ಲಿದ್ದ ನಗದು 40,000 ಇಳಿಯಿತು. ಬ್ಯಾಂಕ್ ಠೇವಣಿ 40,000 ಏರಿತು. ಎಂ3 ಎರಡರ ಮೊತ್ತ ತಾನೇ? ಅದು ಇದ್ದಷ್ಟೇ ಇದೆ. ಬ್ಯಾಂಕು ಆ ಹಳೆಯ ನೋಟುಗಳನ್ನು ರಿಸರ್ವ್ ಬ್ಯಾಂಕಿಗೆ ಕಳಿಸುತ್ತದೆ. ನೋಟು ಅನ್ನುವುದು ರಿಸರ್ವ್ ಬ್ಯಾಂಕು ನಮಗೆ ಕೊಡಬೇಕಾದ ಬಾಕಿ. ಅದು ವಾಪಸ್ ಬಂದ ಮೇಲೆ ಆ ಬಾಕಿ ಈಗ ಬ್ಯಾಂಕಿನ ಹೆಸರಿಗೆ ವರ್ಗವಾಯಿತು. ಕಾಗದ ಹೋಯಿತು, ಬಾಕಿ ಹಾಗೇ ಉಳಿಯಿತು.

ಇದನ್ನು 15 ಲಕ್ಷ ಕೋಟಿಗೆ ಹಿಗ್ಗಿಸಿ ನೋಡಿ. ಬ್ಯಾಂಕುಗಳಲ್ಲಿ ದುಡ್ಡಿನ ಪ್ರವಾಹ. ಸಾಲ ಕೇಳುವವರಿಲ್ಲ, ಹಾಗಾಗಿ ಆ ದುಡ್ಡಿಗೆ ಕೆಲಸವಿಲ್ಲ. ನವೆಂಬರ್ 26ರಂದು ರಿಸರ್ವ್ ಬ್ಯಾಂಕು ಒಂದು ಅಪರೂಪದ ಆದೇಶ ಹೊರಡಿಸಿತು: ಸೆಪ್ಟೆಂಬರ್ 16ರಿಂದ ನವೆಂಬರ್ 11ರ ನಡುವೆ ಹೆಚ್ಚಾದ ಠೇವಣಿಯನ್ನು ಪೂರ್ತಿಯಾಗಿ, ನೂರಕ್ಕೆ ನೂರು, ನಗದು ಮೀಸಲಾಗಿ ತನ್ನಲ್ಲಿ ಇಡಬೇಕು. ಬಡ್ಡಿ ಇಲ್ಲ. ಡಿಸೆಂಬರ್ ಎರಡನೇ ವಾರಕ್ಕೆ ಆ ಆದೇಶವನ್ನು ವಾಪಸ್ ಪಡೆಯಿತು. ಅಷ್ಟರಲ್ಲಿ ಈ ದುಡ್ಡು ಹೀರಿಕೊಳ್ಳಲೆಂದೇ ಹೊರಡಿಸುವ ವಿಶೇಷ ಸಾಲಪತ್ರಗಳ ಮಿತಿಯನ್ನು ಸರ್ಕಾರ 30,000 ಕೋಟಿಯಿಂದ ಒಮ್ಮೆಲೇ 6 ಲಕ್ಷ ಕೋಟಿಗೆ ಏರಿಸಿತ್ತು. ಬೀದಿಯಲ್ಲಿ ಹಣದ ಬರ, ಬ್ಯಾಂಕಿನೊಳಗೆ ನೆರೆ. ಒಂದೇ ವಾರದಲ್ಲಿ ಎರಡೂ.

ಪಠ್ಯಪುಸ್ತಕ ಓದಿದವರಿಗೆ ಇಲ್ಲೊಂದು ಮಜಾ ಇದೆ. ರಿಸರ್ವ್ ಬ್ಯಾಂಕು ಸೃಷ್ಟಿಸುವ ಮೂಲ ಹಣ, ಅಂದರೆ ಎಂ0, ಅಡಿಪಾಯ ಇದ್ದ ಹಾಗೆ. ಅದರ ಮೇಲೆ ಬ್ಯಾಂಕುಗಳು ಠೇವಣಿಯ ಗೋಪುರ ಕಟ್ಟುತ್ತವೆ. ಅಡಿಪಾಯ ಕುಗ್ಗಿಸಿದರೆ ಗೋಪುರ ಕುಗ್ಗಬೇಕು ಅಂತ ಪಾಠ. 2016-17ರಲ್ಲಿ ಎಂ0 ಶೇ 13ರ ಹತ್ತಿರ ಕುಗ್ಗಿತು. ಎಂ3 ಶೇ 10ರಷ್ಟು ಬೆಳೆಯಿತು. ಎರಡರ ನಡುವಿನ ಗುಣಕ 5.3 ಇದ್ದದ್ದು 6.7ಕ್ಕೆ ಜಿಗಿಯಿತು. ಪಾಠ ಸುಳ್ಳು ಅಂತಲ್ಲ. ಜನ ಎಷ್ಟು ಪಾಲು ನಗದಾಗಿ ಇಟ್ಟುಕೊಳ್ಳುತ್ತಾರೆ ಅನ್ನುವುದು ನಿಧಾನವಾಗಿ ಬದಲಾಗುತ್ತದೆ ಅಂತ ಪಾಠ ಅಂದುಕೊಂಡಿರುತ್ತದೆ. ಇಲ್ಲಿ ಅದನ್ನು ಒಂದೇ ರಾತ್ರಿ ಆದೇಶ ಹೊರಡಿಸಿ ಬದಲಿಸಿದ್ದರು. ಎಂ3ರಲ್ಲಿ ನಗದಿನ ಪಾಲು ಶೇ 14ರ ಹತ್ತಿರ ಇದ್ದದ್ದು ಶೇ 10ಕ್ಕೆ ಬಂತು.

ಇದ್ದೂ ಇಲ್ಲದ ಹಣ

ಎಂ3 ಲೆಕ್ಕ ನೋಡಿ "ಹಣ ಕಮ್ಮಿಯೇ ಆಗಿಲ್ಲ, ಸುಮ್ನೆ ಗಲಾಟೆ" ಅಂದವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಆ 40,000 ರೂಪಾಯಿಯ ಒಡತಿಯ ಬಳಿಗೇ ಹೋಗೋಣ. ದುಡ್ಡು ಖಾತೆಯಲ್ಲಿದೆ. ತೆಗೆಯಲು ಹೋದರೆ ಬ್ಯಾಂಕಿನಲ್ಲಿ ವಾರಕ್ಕೆ 24,000 ಮಿತಿ. ಎಟಿಎಂನಲ್ಲಿ ಮೊದಲು ದಿನಕ್ಕೆ 2,000, ಆಮೇಲೆ 2,500. ಮಿತಿ ಇದ್ದರೂ ಶಾಖೆಯಲ್ಲಿ ನಗದು ಇರಬೇಕಲ್ಲ. ಉಳಿತಾಯ ಖಾತೆಯ ಮಿತಿ ಪೂರ್ತಿ ಹೋದದ್ದು 2017ರ ಮಾರ್ಚ್ 13ಕ್ಕೆ. ನಾಲ್ಕು ತಿಂಗಳು ಈ ಠೇವಣಿಯನ್ನು ಎಂ3 ಹಣ ಅಂತಲೇ ಎಣಿಸುತ್ತಿತ್ತು. ಬೇಕೆಂದಾಗ ತೆಗೆಯಬಹುದು ಅನ್ನುವುದೇ ಉಳಿತಾಯ ಖಾತೆಯನ್ನು ಹಣ ಅಂತ ಕರೆಯಲು ಇರುವ ಕಾರಣ. ಆ ಕಾರಣವೇ ಇಲ್ಲದಿದ್ದಾಗಲೂ ಕೋಷ್ಟಕದಲ್ಲಿ ಅಂಕಿ ಹಾಗೇ ಕೂತಿತ್ತು.

ಕಾರ್ಡು, ನೆಟ್ ಬ್ಯಾಂಕಿಂಗ್ ಇದ್ದವರಿಗೆ ಈ ಠೇವಣಿ ನಿಜಕ್ಕೂ ಹಣವೇ. ಅವರ ಪಾಲಿಗೆ ಶೇ 83 ಅನ್ನುವ ಅನುಪಾತವೇ ಸತ್ಯ. ದಿನಗೂಲಿಯವರಿಗೆ, ಎಪಿಎಂಸಿಗೆ ಈರುಳ್ಳಿ ತಂದ ರೈತನಿಗೆ, ತಳ್ಳುಗಾಡಿಯವರಿಗೆ ಇನ್ನೊಂದು ಅನುಪಾತವೇ ಸತ್ಯ. ಯುಪಿಐ ಆಗಷ್ಟೇ ಕಣ್ಣು ಬಿಡುತ್ತಿತ್ತು. ಅದು ಶುರುವಾದದ್ದೇ ಆ ವರ್ಷದ ಏಪ್ರಿಲ್‌ನಲ್ಲಿ. ಭೀಮ್ ಆ್ಯಪ್ ಬಂದದ್ದು ಡಿಸೆಂಬರ್ 30ಕ್ಕೆ. ಒಂದು ದೇಶದಲ್ಲಿ ಎರಡು ಹಣದ ವ್ಯವಸ್ಥೆ ಇತ್ತು. ಸರಾಸರಿ ಹಾಕಿದಾಗ ಎರಡೂ ಮಾಯ.

ಇನ್ನು ಮಾರ್ಚ್ 31ರ ವಿಷಯ. ಶೇ 8.7 ಅನ್ನುವುದೇ ಕುಸಿತದ ತಳ ಅಂತ ಬಹಳ ಜನ ಬರೆಯುತ್ತಾರೆ. ಅಲ್ಲ. 2017ರ ಜನವರಿ ಮೊದಲ ವಾರದಲ್ಲಿ ಚಲಾವಣೆಯಲ್ಲಿದ್ದದ್ದು ಸುಮಾರು 9 ಲಕ್ಷ ಕೋಟಿ ಮಾತ್ರ. ಆ ವರ್ಷದ 154 ಲಕ್ಷ ಕೋಟಿ ಜಿಡಿಪಿಗೆ ಹೋಲಿಸಿದರೆ ಶೇ 6ಕ್ಕಿಂತಲೂ ಕೆಳಗೆ. ಅಂದರೆ ಎರಡು ತಿಂಗಳಲ್ಲಿ ಅನುಪಾತ ಅರ್ಧವಾಗಿ, ಮುಂದಿನ ಮೂರು ತಿಂಗಳಲ್ಲಿ ಅರೆಬರೆ ತುಂಬಿ, ಫೋಟೋ ತೆಗೆಯುವ ದಿನ ಶೇ 8.7 ಆಗಿತ್ತು. ಕೆರೆ ಬತ್ತಿದ ದಿನ ಯಾರೂ ಅಳತೆ ಕೋಲು ಹಿಡಿದು ನಿಂತಿರಲಿಲ್ಲ ಅನ್ನುವಂತಿಲ್ಲ. ರಿಸರ್ವ್ ಬ್ಯಾಂಕು ವಾರ ವಾರ ಈ ಲೆಕ್ಕ ಕೊಡುತ್ತದೆ. ವಾರ್ಷಿಕ ಕೋಷ್ಟಕ ನೋಡುವವರು ಅದನ್ನು ನೋಡುವುದಿಲ್ಲ, ಅಷ್ಟೇ.

ಬೆಲೆ ಅರ್ಧವಾಗಲಿಲ್ಲ ಯಾಕೆ

ಹಣ ಅರ್ಧವಾದರೆ ಬೆಲೆಯೂ ಅರ್ಧವಾಗಬೇಕಲ್ವಾ? ಹಣ ಗುಣಿಸು ವೇಗ ಅಂದರೆ ಬೆಲೆ ಗುಣಿಸು ಉತ್ಪಾದನೆ ಅನ್ನುವ ಹಳೆಯ ಸಮೀಕರಣವನ್ನು ಹಾಗೇ ಓದಿದರೆ ಈ ಪ್ರಶ್ನೆ ಬರುತ್ತದೆ. ಚಿಲ್ಲರೆ ಹಣದುಬ್ಬರ ನವೆಂಬರ್‌ನಲ್ಲಿ ಶೇ 3.6, ಡಿಸೆಂಬರ್‌ನಲ್ಲಿ 3.4, ಜನವರಿಯಲ್ಲಿ 3.2. ಇಳಿದದ್ದು ಹೌದು, ಆದರೆ ಮೆಲ್ಲಗೆ. 2017ರ ಜೂನ್ ಹೊತ್ತಿಗೆ ಶೇ 1.5ಕ್ಕೆ ಬಂತು. ಆ ಇಳಿಕೆಯ ಬಹುಪಾಲು ಬೇಳೆಕಾಳು, ತರಕಾರಿಯದ್ದು. ಆ ವರ್ಷ ಬೇಳೆಕಾಳಿನ ಬೆಳೆ ದಾಖಲೆ ಬರೆದಿತ್ತು. ನಗದಿಲ್ಲದ ಮಂಡಿಗಳಲ್ಲಿ ಬೇಗ ಕೆಡುವ ಮಾಲಿನ ಬೆಲೆ ಬಿದ್ದದ್ದೂ ಸೇರಿತ್ತು. ಎರಡನ್ನೂ ಬಿಡಿಸಿ ಇದಿಷ್ಟು ಅದಿಷ್ಟು ಅಂತ ಹೇಳುವುದು ಕಷ್ಟ.

ಇದಕ್ಕಿಂತ ಮುಖ್ಯವಾದದ್ದು, ನೋಟು ವಾಪಸ್ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ತಾತ್ಕಾಲಿಕ ಬರಕ್ಕೆ ಯಾರೂ ಬೆಲೆಪಟ್ಟಿ ಬದಲಿಸುವುದಿಲ್ಲ. ಕಟಿಂಗ್ ಶಾಪಿನವರು ದರ ಇಳಿಸುವುದಿಲ್ಲ, "ಆಮೇಲೆ ಕೊಡಿ" ಅನ್ನುತ್ತಾರೆ. ಆ ಮೂರು ತಿಂಗಳು ದೇಶ ನಡೆದದ್ದು ಬಹುಪಾಲು ಆ "ಆಮೇಲೆ ಕೊಡಿ"ಯ ಮೇಲೆಯೇ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಎಂ3ರೊಳಗೆ ಬರುವುದಿಲ್ಲ. ಆದರೆ ಆ ಡಿಸೆಂಬರ್‌ನಲ್ಲಿ ಅದು ಮಾಡಿದ ಕೆಲಸ ಹಣದ್ದೇ.

ಭಾಜಕದ ಬಗ್ಗೆಯೂ ಒಂದು ಮಾತು. 2016-17ರ ಜಿಡಿಪಿ ಬೆಳವಣಿಗೆ ನಂತರದ ಪರಿಷ್ಕರಣೆಯಲ್ಲಿ ಶೇ 8.3ಕ್ಕೆ ಏರಿತು. ಆ ಸಾಲುಗಳಲ್ಲಿ ನಿಂತವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಸಣ್ಣಪುಟ್ಟ, ನೋಂದಣಿಯಾಗದ ವ್ಯವಹಾರಗಳ ಲೆಕ್ಕವನ್ನು ಆಗ ವರ್ಷ ವರ್ಷ ನೇರವಾಗಿ ಅಳೆಯುತ್ತಿರಲಿಲ್ಲ. ಹಳೆಯ ಸಮೀಕ್ಷೆಯನ್ನು ಹಿಡಿದು, ಬಹುಮಟ್ಟಿಗೆ ದೊಡ್ಡ ಕಂಪನಿಗಳ ಜಾಡಿನಲ್ಲೇ ಅಂದಾಜು ಮಾಡುತ್ತಿದ್ದರು. ಪೆಟ್ಟು ಬಿದ್ದದ್ದು ಸಣ್ಣವರಿಗೆ, ಅಳತೆ ತೆಗೆದದ್ದು ದೊಡ್ಡವರದ್ದು. ಹಾಗಾಗಿ ಶೇ 8.7 ಅನ್ನುವ ಸಂಖ್ಯೆಯ ಮೇಲಿನ ಅಂಕಿ ಗಟ್ಟಿ, ಕೆಳಗಿನ ಅಂಕಿ ಅಷ್ಟು ಗಟ್ಟಿ ಅಲ್ಲ.

ಏರಿದ ಮೇಲೆ ಎದ್ದ ಗದ್ದಲ

ಹಳೆಯ ನೋಟಿನಲ್ಲಿ ಮೂರ್ನಾಲ್ಕು ಲಕ್ಷ ಕೋಟಿ ವಾಪಸ್ಸೇ ಬರುವುದಿಲ್ಲ ಅನ್ನುವ ಅಂದಾಜು ಆಗ ಓಡಾಡುತ್ತಿತ್ತು. ಬಾರದ ನೋಟು ಅಂದರೆ ರಿಸರ್ವ್ ಬ್ಯಾಂಕಿನ ಬಾಕಿ ಅಷ್ಟು ಮನ್ನಾ ಆದ ಹಾಗೆ. ಎಣಿಕೆ ಮುಗಿದು 2018ರ ಆಗಸ್ಟ್‌ನಲ್ಲಿ ವಾರ್ಷಿಕ ವರದಿ ಬಂದಾಗ, 15.3 ಲಕ್ಷ ಕೋಟಿ ವಾಪಸ್ ಬಂದಿತ್ತು. ನೂರಕ್ಕೆ 99.3. ಮನ್ನಾ ಆದದ್ದು 11,000 ಕೋಟಿಯ ಒಳಗೆ.

ಆಮೇಲೆ ನೋಟಿನ ಅನುಪಾತ ಏರುತ್ತಾ ಹೋಯಿತು. 2018ರ ಮಾರ್ಚ್‌ಗೆ ಶೇ 10.7. 2020ರ ಮಾರ್ಚ್‌ಗೆ ಶೇ 12. ಅಂದರೆ ಬ್ಯಾನ್‌ಗೆ ಮುಂಚೆ ಇದ್ದಲ್ಲಿಗೇ. 2021ರ ಮಾರ್ಚ್‌ಗೆ ಶೇ 14.4. "ನೋಡಿ, ಬ್ಯಾನ್ ಮಾಡಿದ್ದಕ್ಕಿಂತಲೂ ಜಾಸ್ತಿ ನಗದು ಬಂತು" ಅಂತ ಶೀರ್ಷಿಕೆಗಳು ಬಂದವು.

ಈ 14.4ನ್ನು ಸ್ವಲ್ಪ ಬಿಚ್ಚಿ ನೋಡಬೇಕು. 2020-21ರಲ್ಲಿ ನಗದು ಶೇ 17ರ ಹತ್ತಿರ ಬೆಳೆದದ್ದು ನಿಜ. ಲಾಕ್‌ಡೌನ್ ಭಯಕ್ಕೆ ಜನ ಕೈಯಲ್ಲಿ ನಾಲ್ಕು ಕಾಸು ಇರಲಿ ಅಂತ ತೆಗೆದಿಟ್ಟುಕೊಂಡರು. ಅದೇ ವರ್ಷ ರೂಪಾಯಿ ಲೆಕ್ಕದ ಜಿಡಿಪಿ ಬೆಳೆಯುವ ಬದಲು ಕುಗ್ಗಿತು, 201 ಲಕ್ಷ ಕೋಟಿಯಿಂದ 198 ಲಕ್ಷ ಕೋಟಿಗೆ. ಮಾಮೂಲಿ ವರ್ಷದಂತೆ ಶೇ 10 ಬೆಳೆದಿದ್ದರೆ 221 ಲಕ್ಷ ಕೋಟಿ ಆಗುತ್ತಿತ್ತು. ಅದೇ ನಗದನ್ನು ಇದರಿಂದ ಭಾಗಿಸಿದರೆ ಬರುವುದು ಶೇ 12.9. ಅಂದರೆ ಏರಿಕೆಯ ಮೂರನೇ ಎರಡು ಭಾಗ ಕೆಳಗಿನ ಅಂಕಿ ಕುಗ್ಗಿದ್ದರಿಂದ ಬಂದದ್ದು. ಎಂ3 ಕೂಡ ಆ ವರ್ಷ ಜಿಡಿಪಿಯ ಶೇ 84ರಿಂದ ಶೇ 95ಕ್ಕೆ ಹಾರಿತು. ಅದಕ್ಕೂ ನೋಟ್ ಬ್ಯಾನ್‌ಗೂ ಸಂಬಂಧವಿಲ್ಲ.

ಯುಪಿಐ ಬಂದರೂ ನೋಟು ಇಳಿಯಲಿಲ್ಲವಲ್ಲ ಅನ್ನುವುದು ಇನ್ನೊಂದು ಒಗಟು. 2019ರ ಅಕ್ಟೋಬರ್‌ನಲ್ಲೇ ಯುಪಿಐ ತಿಂಗಳಿಗೆ 100 ಕೋಟಿ ವಹಿವಾಟು ದಾಟಿತ್ತು. ಆದರೂ ಅನುಪಾತ ಏರುತ್ತಲೇ ಇತ್ತು. ಖರ್ಚಿಗೆ ಇಡುವ ನೋಟು ಬೇರೆ, ಆಪತ್ತಿಗೆ ಇಡುವ ನೋಟು ಬೇರೆ ಅಂತ ಇಟ್ಟುಕೊಂಡರೆ ಒಗಟು ಅಷ್ಟು ಕಷ್ಟವಲ್ಲ. ಚಹಾದಂಗಡಿಯ ಕ್ಯೂಆರ್ ಕೋಡು ಮೊದಲನೆಯದರ ಕೆಲಸ ಕಿತ್ತುಕೊಂಡಿತು. ಬೀರುವಿನ ಸೀರೆಯ ಮಡಿಕೆಯಲ್ಲಿರುವುದನ್ನು ಅದು ಮುಟ್ಟಲಿಲ್ಲ.

2024ರ ಮಾರ್ಚ್ ಹೊತ್ತಿಗೆ ಚಲಾವಣೆಯಲ್ಲಿದ್ದದ್ದು 35 ಲಕ್ಷ ಕೋಟಿ ರೂಪಾಯಿ. 2016ರ ನವೆಂಬರ್‌ನಲ್ಲಿ ಇದ್ದದ್ದರ ಎರಡು ಪಟ್ಟು. ಈ "ಎರಡು ಪಟ್ಟು" ಅನ್ನುವುದನ್ನು ಹಿಡಿದು ಈಗಲೂ ವಾದ ಮಾಡುತ್ತಾರೆ. ರೂಪಾಯಿ ಲೆಕ್ಕದ ಜಿಡಿಪಿಯೂ ಅಷ್ಟರಲ್ಲಿ ಸುಮಾರು ಎರಡು ಪಟ್ಟಾಗಿತ್ತು. ಅನುಪಾತ ಮತ್ತೆ ಶೇ 12ರ ಆಸುಪಾಸಿಗೇ ಬಂದು ನಿಂತಿತ್ತು.

ನಡುವೆ, 2023ರ ಮೇ 19ರಂದು 2,000ದ ನೋಟನ್ನು ಹಿಂದಕ್ಕೆ ಪಡೆಯುವುದಾಗಿ ರಿಸರ್ವ್ ಬ್ಯಾಂಕು ಹೇಳಿತು. ಆಗ ಚಲಾವಣೆಯಲ್ಲಿದ್ದವು 3.56 ಲಕ್ಷ ಕೋಟಿಯಷ್ಟು. ಸಣ್ಣ ಮೊತ್ತವೇನೂ ಅಲ್ಲ. ಒಟ್ಟು ನೋಟಿನಲ್ಲಿ ಹತ್ತರಲ್ಲೊಂದು ಪಾಲು, ಅಷ್ಟೇ. ನೋಟು ಕಾನೂನಿನ ಪ್ರಕಾರ ನಡೆಯುತ್ತಲೇ ಇತ್ತು. ಬದಲಿಸಲು ಸೆಪ್ಟೆಂಬರ್ ಕೊನೆಯ ತನಕ ಸಮಯ ಕೊಟ್ಟಿದ್ದರು, ಆಮೇಲೆ ಅಕ್ಟೋಬರ್ 7ಕ್ಕೆ ವಿಸ್ತರಿಸಿದರು. ವಾಪಸ್ ಬಂದದ್ದರಲ್ಲಿ ಬಹುಪಾಲು ಖಾತೆಗೇ ಹೋಯಿತು. ಆ 40,000ದ ಪ್ರಯಾಣ ಮತ್ತೊಮ್ಮೆ ನಡೆಯಿತು, ಈ ಸಲ ಬೀದಿ ತುಂಬ ಸಾಲು ಕಾಣಲಿಲ್ಲ.